ಹೆಬ್ಬೆರಳಿಗೊಂದು ಸ್ಲೈಡರ್

ಬೆರಳು ಬರುತ್ತದೆ, ಮುಟ್ಟುತ್ತದೆ, ಹೋಗುತ್ತದೆ. ಟಚ್ ಚಿಪ್ ತಯಾರಿಸುವವರು ಮನುಷ್ಯರ ಬಗ್ಗೆ ನಂಬಿರುವುದು ಇಷ್ಟೇ. ಮುಟ್ಟಿದ ಬೆರಳು ಬಹಳ ಹೊತ್ತು ಅಲ್ಲೇ ಉಳಿದರೆ ಅದು ಬೆರಳೇ ಅಲ್ಲ, ಗಾಜಿನ ಮೇಲೆ ಚೆಲ್ಲಿದ ನೀರೋ, ಯಾರೋ ಇಟ್ಟು ಮರೆತ ಪಾತ್ರೆಯೋ ಇರಬೇಕು ಎಂದು ಚಿಪ್ ತೀರ್ಮಾನಿಸುತ್ತದೆ. ಅದನ್ನು ಲೆಕ್ಕದಿಂದ ಬಿಟ್ಟು ಮುಂದಿನ ಬೆರಳಿಗಾಗಿ ಕಾಯುತ್ತದೆ. ಮದ್ರಾಸಿನ ಶೋಳಿಂಗನಲ್ಲೂರಿನ ಒಂದು ಸಣ್ಣ ಕಂಪನಿಯಲ್ಲಿ ಅಡುಗೆಮನೆಯ ಚಿಮ್ನಿಗಳಿಗೆ, ಇಂಡಕ್ಷನ್ ಒಲೆಗಳಿಗೆ ಟಚ್ ಪ್ಯಾನೆಲ್ ಮಾಡುತ್ತಿದ್ದ ನನಗೆ ಈ ನಂಬಿಕೆಯಲ್ಲಿ ತಪ್ಪೇನೂ ಕಂಡಿರಲಿಲ್ಲ. ಅಡ್ಯಾರಿನ ಆ ಮನೆಗೆ ಹೋದ ಮೇಲೆ ಕಂಡಿತು.

ಕರೆದುಕೊಂಡು ಹೋದವರು ನಮ್ಮ ಮ್ಯಾನೇಜರ್. ತಮಿಳಿನವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಎಣ್ಣೂರಿನ ವಿದ್ಯುತ್ ಸ್ಥಾವರವೊಂದರ ಕಂಟ್ರೋಲ್ ರೂಮಿನಲ್ಲಿದ್ದರಂತೆ. ಅಲ್ಲಿ ಅವರಿಗೆ ಮೀಟರುಗಳನ್ನು ಓದುವುದು, ತಿದ್ದುವುದು ಕಲಿಸಿದ ಹಿರಿಯ ಎಂಜಿನಿಯರ್ ನಿವೃತ್ತರಾಗಿ ಅಡ್ಯಾರಿನಲ್ಲಿದ್ದರು. ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ಕನ್ನಡದ ವೈಷ್ಣವ ಮನೆತನ. ಸ್ನಾಯುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬರುವ ನರದ ಕಾಯಿಲೆ ಅವರನ್ನು ಹಿಡಿದಿತ್ತು. ಕಾಲು ಹೋಗಿತ್ತು, ಕೈ ಹೋಗಿತ್ತು, ಮಾತೂ ಹೋಗಿತ್ತು. ಬಲಗೈಯ ಹೆಬ್ಬೆರಳು ಮಾತ್ರ ಇನ್ನೂ ಅವರ ಮಾತು ಕೇಳುತ್ತಿತ್ತು. ಕಣ್ಣಿನ ಚಲನೆಯಿಂದ ನಡೆಸುವ ಯಂತ್ರವೊಂದನ್ನು ತರಿಸಿ ನೋಡಿದ್ದರು. ರೆಪ್ಪೆಗಳು ಜೋತುಬಿದ್ದಿದ್ದರಿಂದ ಅದು ಒಗ್ಗಲಿಲ್ಲ.

"ಒತ್ತುವ ಬಟನ್ ಆಗೋದಿಲ್ಲ ಮಾ, ಬೆರಳಲ್ಲಿ ಬಲವಿಲ್ಲ," ಎಂದರು ಮ್ಯಾನೇಜರ್ ಕಾರಿನಲ್ಲಿ. "ಟಚ್‌ಗೆ ಬಲ ಬೇಡವಲ್ಲ. ಸುಮ್ಮನೆ ಮುಟ್ಟಿದರೆ ಸಾಕು. ಅವರಿಗೊಂದು ಬೆಲ್ಲು, ಒಂದು ಹೌದು, ಒಂದು ಬೇಡ. ಅಷ್ಟು ಮಾಡಿಕೊಡು."

ಹಾಲ್‌ನಲ್ಲೇ ಮಂಚ ಹಾಕಿದ್ದರು. ಬೆನ್ನು ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆ, ಕಾಲಿನ ಕಡೆ ತೂಗುಹಾಕಿದ ಅದರ ಪುಟ್ಟ ಪಂಪು. ಅವರ ಹೆಂಡತಿ ನನ್ನ ಕೈ ಹಿಡಿದು ಮಂಚದ ಹತ್ತಿರ ಕರೆದೊಯ್ದರು.

"ಬಾಮ್ಮಾ. ನೀನು ನಮ್ಮ ಕನ್ನಡದವಳಂತೆ? ಇವರಿಗೆ ಎಲ್ಲಾ ಕೇಳ್ಸತ್ತೆ, ಎಲ್ಲಾ ಪುರಿಯತ್ತೆ. ಪೇಸಕ್ಕೆ ಆಗಲ್ಲ, ಅಷ್ಟೇ. ನೀನು ಇವರ ಹತ್ರಾನೇ ಮಾತಾಡು."

ಅರ್ಥವಾಗುತ್ತೆ ಎನ್ನಲು ಪುರಿಯತ್ತೆ, ಮಾತಾಡೋಕೆ ಎನ್ನಲು ಪೇಸಕ್ಕೆ: ಅವರ ಕನ್ನಡದಲ್ಲಿ ಅರ್ಧ ತಮಿಳು. ಅಂದಿನಿಂದ ಅವರು ನನಗೆ ಮಾಮಿ, ಹಾಸಿಗೆಯಲ್ಲಿದ್ದವರು ಮಾಮಾ. ನಾನು ಕುಂದಾಪುರದಿಂದ ಬಂದು ಮೈಲಾಪುರದ ಹೋಟೆಲಿನಲ್ಲಿ ಅಡುಗೆ ನೋಡಿಕೊಂಡಿದ್ದವರ ಮಗಳು ಎಂದು ತಿಳಿದ ಮೇಲೆ ಮಾಮಿ ಕಾಫಿಯ ಜೊತೆಗೆ, "ನಿಮ್ಮಪ್ಪನ ಕೈ ಕಾಪಿ ಹಾಗೆ ಇರಲ್ಲ, ಅಡ್ಜಸ್ಟ್ ಮಾಡ್ಕೋ," ಎನ್ನುವುದನ್ನೂ ಪ್ರತಿ ಸಲ ಕೊಡುತ್ತಿದ್ದರು.

ಮೊದಲು ಮಾಡಿಕೊಟ್ಟದ್ದು ಅಂಗೈಯಷ್ಟು ಅಗಲದ ಬೋರ್ಡು. ಅಕ್ರಿಲಿಕ್ ಹಾಳೆಯ ಕೆಳಗೆ ತಾಮ್ರದ ಪಟ್ಟಿಗಳು. ಬೆರಳು ಹತ್ತಿರ ಬಂದಾಗ ಪಟ್ಟಿ ಹಿಡಿದಿಟ್ಟುಕೊಳ್ಳುವ ವಿದ್ಯುತ್ತು ತುಸು ಹೆಚ್ಚುತ್ತದೆ, ಚಿಪ್ ಅದನ್ನು ಒಂದು ಸಂಖ್ಯೆಯಾಗಿ ಓದುತ್ತದೆ. ಯಾರೂ ಮುಟ್ಟದಾಗ ಇರುವ ಸಂಖ್ಯೆ ಅದರ ತಳಗೆರೆ. ಅಲ್ಲಿಂದ ಎಷ್ಟು ಏರಿದರೆ ಸ್ಪರ್ಶವೆಂದು ಒಪ್ಪಬೇಕು ಎಂಬ ಮಿತಿಯನ್ನು ನಾವು ಕೊಡುತ್ತೇವೆ. ಒಂಟಿ ಪಟ್ಟಿಯನ್ನು ಕೀ ಎಂದು ಹೇಳಿಕೊಡಬಹುದು. ಸಾಲಾಗಿ ಜೋಡಿಸಿದ ಪಟ್ಟಿಗಳನ್ನು ಒಟ್ಟಿಗೆ ಸ್ಲೈಡರ್ ಎಂದು ಹೇಳಿಕೊಟ್ಟರೆ, ಯಾವ ಪಟ್ಟಿ ಎಷ್ಟು ಏರಿತು ಎಂದು ಹೋಲಿಸಿ ಬೆರಳು ಎಲ್ಲಿದೆ ಎಂಬುದನ್ನು ಚಿಪ್ ಲೆಕ್ಕ ಹಾಕುತ್ತದೆ. ನಾನು ಎರಡು ಕೀ, ನಡುವೆ ಒಂದು ಸ್ಲೈಡರ್ ಇಟ್ಟೆ. ಒಂದು ಕೀ ಬೆಲ್ಲಿಗೆ. ಸ್ಲೈಡರ್ ಎದುರಿನ ಟ್ಯಾಬ್ಲೆಟ್‌ನಲ್ಲಿ ಅಕ್ಷರಗಳ ಮೇಲೆ ಓಡಾಡಲು, ಇನ್ನೊಂದು ಕೀ ಬೇಕಾದ ಅಕ್ಷರವನ್ನು ಆರಿಸಲು. ಮಾಮಾ ತಮಿಳು ಶಾಲೆಯಲ್ಲಿ ಓದಿದವರು, ಕನ್ನಡ ಮಾತಷ್ಟೇ. ಹಾಗಾಗಿ ಇಂಗ್ಲಿಷ್ ಅಕ್ಷರಗಳನ್ನೇ ಹಾಕಿದೆವು.

ಮರುದಿನವೇ ಮಾಮಿಯ ಫೋನು. "ಬೆಲ್ಲು ಒಂದು ತಡವೆ ಹೊಡೀತು ಕಣಮ್ಮ, ಅಪ್ಪುರಂ ಸದ್ದೇ ಇಲ್ಲ."

ಹೋಗಿ ನೋಡಿದರೆ ಮಾಮಾನ ಹೆಬ್ಬೆರಳು ಕೀಯ ಮೇಲೆಯೇ ಇತ್ತು. ಎತ್ತಲು ಅವರಿಂದಾಗದು. ಮುಟ್ಟಿ ಎತ್ತುವುದು ಎಂಬ ಎರಡು ಕೆಲಸಗಳಲ್ಲಿ ಎತ್ತುವುದೇ ಹೆಚ್ಚು ಕಷ್ಟದ್ದು ಎಂದು ನನಗೆ ಹೊಳೆದೇ ಇರಲಿಲ್ಲ. ಚಿಪ್ ತನ್ನ ಸ್ವಭಾವದಂತೆ ಸ್ವಲ್ಪ ಹೊತ್ತು ಕಾದು, ಆ ಹೆಬ್ಬೆರಳನ್ನು ಚೆಲ್ಲಿದ ನೀರಿನ ಲೆಕ್ಕಕ್ಕೆ ಸೇರಿಸಿ, ತಳಗೆರೆಯನ್ನೇ ಮೇಲಕ್ಕೆತ್ತಿಕೊಂಡುಬಿಟ್ಟಿತ್ತು. ಆ ಮೇಲೆ ಅವರು ಏನು ಮಾಡಿದರೂ ಅದಕ್ಕೆ ಕಾಣುತ್ತಿರಲಿಲ್ಲ.

ತಳಗೆರೆಯನ್ನು ತಾನಾಗಿ ಬದಲಿಸಿಕೊಳ್ಳುವ ಆ ಏರ್ಪಾಡನ್ನು ನಿಲ್ಲಿಸಿದೆ. ಆಗ ಬೇರೆ ತಾಪತ್ರಯ. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳು. ಮಧ್ಯಾಹ್ನ ಕರೆಂಟು ಹೋಗಿ ಏಸಿ ನಿಂತರೆ ಕೋಣೆ ಬಿಸಿಯಾಗುತ್ತಿತ್ತು, ಅಂಗೈ ಬೆವರುತ್ತಿತ್ತು, ಸಂಖ್ಯೆಗಳು ಮೆಲ್ಲಗೆ ಏರುತ್ತ ಮಿತಿ ದಾಟುತ್ತಿದ್ದವು. ಯಾರೂ ಕರೆಯದೆ ಬೆಲ್ಲು ಹೊಡೆಯುತ್ತಿತ್ತು. ಅಡುಗೆಮನೆಯಿಂದ ಓಡಿ ಬಂದು "ಏನು ಬೇಕು? ನೀರಾ? ತಿರುಗಿಸಬೇಕಾ?" ಎಂದು ಕೇಳಿ ಕೇಳಿ ಮಾಮಿ ಸುಸ್ತಾಗುತ್ತಿದ್ದರು. ಬೆರಳು ತಲುಪದ ಮೂಲೆಯಲ್ಲಿ ಇನ್ನೊಂದು ಪಟ್ಟಿಯಿಟ್ಟು, ಬಿಸಿಗೆ ಅದು ಎಷ್ಟು ಏರುತ್ತದೋ ಅಷ್ಟನ್ನು ಉಳಿದವುಗಳಿಂದ ಕಳೆಯುವಂತೆ ಮಾಡಿದ ಮೇಲೆ ಆ ಕಾಟ ನಿಂತಿತು.

ಸ್ಲೈಡರ್ ಮಾತ್ರ ಬಗ್ಗಲಿಲ್ಲ. ಮಾಮಾನ ಬೆರಳು ಜಾರುತ್ತಿರಲಿಲ್ಲ. ಅಕ್ರಿಲಿಕ್ ಮೇಲೆ ನುಣುಪು ಹಾಳೆ ಅಂಟಿಸಿದೆ, ಬೆರಳಿಗೆ ಪೌಡರ್ ಹಚ್ಚಿ ನೋಡಿದೆವು. ಎಂಜಿನಿಯರ್ ಆಗಿದ್ದವರು, ನನ್ನ ಕಷ್ಟ ಅರ್ಥವಾಗುತ್ತಿತ್ತೋ ಏನೋ, ಅವರೂ ಪ್ರಯತ್ನಿಸುತ್ತಲೇ ಇದ್ದರು. ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆಗಳು ಏರಿಳಿಯುವ ಗೆರೆಗಳನ್ನು ನೋಡುತ್ತ ಕೂತಾಗ ಒಂದು ಸಂಗತಿ ಕಂಡಿತು: ಬೆರಳು ಇದ್ದಲ್ಲೇ ಇದ್ದು, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ಹೊರಳುತ್ತಿತ್ತು. ಅವರಿಂದ ಆಗುತ್ತಿದ್ದುದು ಅದು. ಆಗದ್ದನ್ನು ಅವರಿಂದ ಮಾಡಿಸಲು ನಾನು ಇಷ್ಟು ದಿನ ಹೆಣಗುತ್ತಿದ್ದೆ.

ಕೀಗಳನ್ನು ಪೂರ್ತಿ ತೆಗೆದುಹಾಕಿದೆ. ಹೊಸ ಬೋರ್ಡಿನಲ್ಲಿ ಹೆಬ್ಬೆರಳಿನ ಅಗಲದೊಳಗೆ ಮುಗಿದುಹೋಗುವ ಪುಟ್ಟ ಸ್ಲೈಡರ್, ಕಡ್ಡಿಗಳಷ್ಟು ಸಣ್ಣ ಪಟ್ಟಿಗಳು. ಬೆಳಿಗ್ಗೆ ಮಾಮಿ ಬೆರಳನ್ನು ಅದರ ಮೇಲಿಟ್ಟು ಟ್ಯಾಬ್ಲೆಟ್‌ನಲ್ಲಿ "ಶುರು" ಒತ್ತಿದರೆ ಆ ಕ್ಷಣದ ಸ್ಥಿತಿಯೇ ತಳಗೆರೆ. ಒಂದು ಬದಿಗೆ ಹೊರಳಿದರೆ ಮುಂದಿನ ಅಕ್ಷರ, ಇನ್ನೊಂದು ಬದಿಗೆ ಹೊರಳಿದರೆ ಆಯ್ಕೆ.

ಅದು ನಡೆಯಿತು. ಮಾಮಾ ಬರೆದ ಮೊದಲ ಮಾತು FAN SATTA. ಮಾಮಿ ಅದನ್ನು ಎರಡು ಮೂರು ಸಲ ಓದಿದರು. ಆಮೇಲೆ ತಲೆಯೆತ್ತಿ ಫ್ಯಾನ್ ನೋಡಿದರು. ಅದು ಕಿರ್ರ್ ಕಿರ್ರ್ ಎನ್ನುತ್ತಿತ್ತು. ಸತ್ತ ಎಂದರೆ ಅವರ ಮನೆಮಾತಿನಲ್ಲಿ ಸದ್ದು.

"ಅಯ್ಯೋ, ಇದೇನಾ? ಇಷ್ಟು ದಿವಸ ಇದನ್ನ ಸಹಿಸ್ಕೊಂಡು ಮಲಗಿದ್ರಾ?" ಎಂದು ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮುಂದಿನ ಸಲ ಹೋದಾಗ ನನಗೊಂದು ಪ್ರಶ್ನೆ ಕಾದಿತ್ತು. GAIN ESHTU, ಬೆರಳಿನ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಿ ಓದುತ್ತಿದ್ದೀಯ ಎಂದು. ಹೇಳಿದೆ. ಬಹಳ ಹೊತ್ತಿನ ನಂತರ CHARGER TEGI ಎಂದು ಬಂತು. ಟ್ಯಾಬ್ಲೆಟ್‌ನ ಚಾರ್ಜರ್ ಕಿತ್ತೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಚಾರ್ಜರಿನ ವಿದ್ಯುತ್ ಗದ್ದಲಕ್ಕೆ ನಡುಗುತ್ತಿದ್ದ ಗೆರೆ ತಟ್ಟನೆ ಶಾಂತವಾಯಿತು. ಮಾಮಾನ ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೂ ನನಗೆ ಅವರು ಗೆದ್ದವರ ಹಾಗೆ ಕಂಡರು. ಮ್ಯಾನೇಜರ್‌ಗೆ ಇದನ್ನು ಹೇಳಿದಾಗ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಆ ಒಳ್ಳೆಯ ದಿನಗಳು ಬಹಳ ಇರಲಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಅಕ್ಷರಗಳು ತಪ್ಪತೊಡಗಿದವು. ಆರಿಸಬೇಕಾದಲ್ಲಿ ಬೆರಳು ಹೊರಳಿದ್ದು ಚಿಪ್‌ಗೆ ತಿಳಿಯುತ್ತಿರಲಿಲ್ಲ. ತೇವಾಂಶವಿರಬೇಕೆಂದು ಬೋರ್ಡನ್ನು ಒಣಗಿಸಿದೆ. ಕೇಬಲ್ ಬದಲಿಸಿದೆ. ಬೋರ್ಡನ್ನೇ ಬದಲಿಸಿದೆ. ನನ್ನ ಹೆಬ್ಬೆರಳಿಟ್ಟು ಹೊರಳಿಸಿದರೆ ಗೆರೆ ಮೊದಲಿನಷ್ಟೇ ಎತ್ತರಕ್ಕೆ ಏಳುತ್ತಿತ್ತು. ಮಾಮಾನ ಬೆರಳಿಟ್ಟರೆ ಹಿಂದಿನ ವಾರಕ್ಕಿಂತ ಗಿಡ್ಡ. ಅದರ ಮುಂದಿನ ವಾರ ಇನ್ನೂ ಗಿಡ್ಡ.

ಕೆಟ್ಟಿರುವುದು ಬೋರ್ಡಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾದದ್ದನ್ನು ಮಾಮಿಗೆ ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. "ಚಿಪ್‌ನಲ್ಲಿ ಏನೋ ರಿಪೇರಾ?" ಎಂದು ಅವರೇ ಕೇಳಿದಾಗ, "ಸೆಟ್ಟಿಂಗ್ ಬದಲಿಸ್ತೀನಿ ಮಾಮಿ," ಎಂದೆ. ಅದೂ ನಿಜವೇ. ಮಿತಿಯನ್ನು ಇಳಿಸಿದೆ. ಹಲವು ಸಲ ಓದಿ ಸರಾಸರಿ ತೆಗೆಯುವಂತೆ ಮಾಡಿ ಗೆರೆಯ ನಡುಕವನ್ನು ಕಡಿಮೆ ಮಾಡಿದೆ. ಪ್ಯಾನೆಲ್ ನಿಧಾನವಾಯಿತು. ಮತ್ತೆ ಇಳಿಸಿದೆ. ಎರಡು ಬದಿಗೆ ಹೊರಳುವುದು ಆಗದೆ ಹೋದಾಗ ಅಕ್ಷರಗಳನ್ನು ಬಿಟ್ಟೆವು. ಮಾಮಿ ಪ್ರಶ್ನೆ ಕೇಳಿ ಪರದೆ ಮುಟ್ಟಬೇಕು. ಆಮೇಲೆ ಸ್ವಲ್ಪ ಸಮಯದೊಳಗೆ ಬೆರಳು ಯಾವ ಕಡೆಗಾದರೂ ಅಲುಗಿದರೆ "ಹೌದು", ಅಲುಗದಿದ್ದರೆ "ಬೇಡ".

"ಇನ್ನೂ ಇಳಿಸೋಕೆ ಜಾಗ ಇದೆಯಾ?" ಎಂದರು ಮ್ಯಾನೇಜರ್.

"ಸ್ವಲ್ಪ ಇದೆ. ಆದರೆ ಅದಕ್ಕಿಂತ ಕೆಳಗೆ ಬರೀ ನಡುಕ ಸಾರ್."

"ಪಾರ್ಕಲಾಂ ಮಾ. ಇಳಿಸಿ ನೋಡೋಣ. ಅವರ ಹತ್ತಿರ ಬೇರೆ ಏನಿದೆ?"

ಇಳಿಸಿದೆ. ಆ ವಾರ ಚಿಮ್ನಿ ಪ್ಯಾನೆಲಿನ ಕೆಲಸ ಕುತ್ತಿಗೆಗೆ ಬಂದಿದ್ದರಿಂದ ಅಡ್ಯಾರಿಗೆ ಹೋಗಲಾಗಲಿಲ್ಲ. ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಮಾಮಿಯ ಫೋನು ಬಂತು. ದನಿ ಹಗುರಾಗಿತ್ತು.

"ಈಗ ಚೆನ್ನಾಗಿ ಹೇಳ್ತಾರೆ ಕಣಮ್ಮ. ಬೆಳಕು ಬೇಕಾ ಅಂದ್ರೆ ಹೌದು, ರೇಡಿಯೋ ಹಾಕ್ಲಾ ಅಂದ್ರೆ ಹೌದು. ಎಲ್ಲದಕ್ಕೂ ಹೌದೇ! ಮುನ್ನೆಲ್ಲಾ ಇಷ್ಟು ಸುಲಭಕ್ಕೆ ಒಪ್ಪೋ ಮನುಷ್ಯ ಅಲ್ಲ ಇವರು." ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಡಾಕ್ಟರ್ ಕೇಳಿದ್ರಲ್ಲ, ಕತ್ತಿನಲ್ಲಿ ತೂತು ಮಾಡಿ ಉಸಿರಾಟದ ಮೆಷಿನ್ ಹಾಕ್ಬೇಕಾ, ವೇಂಡಾವಾ ಅಂತ. ಇವರನ್ನೇ ಕೇಳ್ದೆ. ಹೌದು ಅಂದ್ರು. ಮರುಪಡಿ ಕೇಳ್ದೆ. ಹೌದು ಅಂದ್ರು. ನನಗೆ ಅದೇ ಸಾಕು."

ಉಸಿರಾಟ ಕುಂದುತ್ತಿರುವುದು ನನಗೆ ಗೊತ್ತಿತ್ತು. ಒಮ್ಮೆ ಆ ಯಂತ್ರಕ್ಕೆ ಜೋಡಿಸಿದರೆ ಮತ್ತೆ ಬಿಡಿಸುವುದು ಯಾರ ಕೈಯಲ್ಲೂ ಇರುವುದಿಲ್ಲ, ಹಾಗಾಗಿ ರೋಗಿಯ ಇಷ್ಟ ತಿಳಿದು ಹೇಳಿ ಎಂದು ಡಾಕ್ಟರು ಹೇಳಿದ್ದನ್ನು ಮಾಮಿಯೇ ಹಿಂದೆ ತಿಳಿಸಿದ್ದರು. ಫೋನ್ ಇಟ್ಟ ಮೇಲೆ ನನಗೆ ಕೆಲಸ ಮಾಡಲಾಗಲಿಲ್ಲ. ಎಲ್ಲದಕ್ಕೂ ಹೌದು ಎನ್ನುವ ಮೀಟರನ್ನು ನಾನಾದರೆ ನಂಬುತ್ತಿರಲಿಲ್ಲ.

ಮಧ್ಯಾಹ್ನವೇ ಹೊರಟೆ. ಲ್ಯಾಪ್‌ಟಾಪ್ ಜೋಡಿಸಿ ಗೆರೆಯನ್ನು ನೋಡುತ್ತ ಕೂತೆ. ಗೆರೆಯಲ್ಲಿ ಸಣ್ಣ ಉಬ್ಬುಗಳು ಬರುತ್ತಿದ್ದವು, ಮಿತಿಯನ್ನು ದಾಟುವಷ್ಟೇ. ಯಾರೂ ಏನೂ ಕೇಳದಾಗಲೂ ಬರುತ್ತಿದ್ದವು. ಒಂದು ಉಬ್ಬು, ಬಿಡುವು, ಮತ್ತೊಂದು ಉಬ್ಬು, ಅಷ್ಟೇ ಬಿಡುವು. ದಣಿದ ಮನುಷ್ಯನ ಬೆರಳು ಇಷ್ಟು ತಾಳಬದ್ಧವಾಗಿ ಅಲುಗುವುದಿಲ್ಲ. ನನ್ನ ಕಾಲಿನ ಹತ್ತಿರ ಏನೋ ಕ್ಲಿಕ್ ಎಂದಿತು. ಹಾಸಿಗೆಯ ಪಂಪು. ಅದು ಒಂದು ಸಾಲಿನ ಗಾಳಿ ಬಿಟ್ಟು ಇನ್ನೊಂದು ಸಾಲಿಗೆ ತುಂಬುತ್ತಿತ್ತು. ಮಾಮಾನ ತೋಳು ಕಣ್ಣಿಗೆ ಕಾಣದಷ್ಟು ಮೇಲೆದ್ದಿತು. ಪರದೆಯಲ್ಲಿ ಉಬ್ಬು ಬಂತು.

ಅಡುಗೆಮನೆಗೆ ಕರೆದೊಯ್ದು ಹೇಳಬಹುದಿತ್ತು. ಆದರೆ ಮಾತು ಮಾಮಾನದು. ಅದರ ಬಗ್ಗೆ ಅವರನ್ನು ಬಿಟ್ಟು ಬೇರೆ ಕೋಣೆಯಲ್ಲಿ ಮಾತಾಡುವುದು ಸರಿಯೆನಿಸಲಿಲ್ಲ.

"ಮಾಮಿ, ಇಲ್ಲಿ ಬನ್ನಿ. ಮಾಮಾ, ನೀವೂ ಕೇಳಿ," ಎಂದೆ. "ಈಗ ಈ ಪಂಪನ್ನ ಆಫ್ ಮಾಡ್ತೀನಿ."

ಮಾಡಿದೆ. ಹಾಸಿಗೆ ನಿಶ್ಚಲವಾಯಿತು. "ಈಗ ಏನಾದರೂ ಕೇಳಿ."

ಮಾಮಿ ಮಾಮಾನ ಹಣೆಯ ಮೇಲೆ ಕೈಯಿಟ್ಟು, "ಏನೂಂದ್ರೆ, ನಾನು ಇಲ್ಲೇ ಇದೀನಿ, ಗೊತ್ತಾಗತ್ತಾ?" ಎಂದು ಪರದೆ ಮುಟ್ಟಿದರು. ಸಮಯ ಮುಗಿಯಿತು. ಪರದೆಯಲ್ಲಿ "ಬೇಡ" ಎಂದು ಬಂತು. ಮತ್ತೆ ಕೇಳಿದರು. ಬೇಡ. ನಾನು ಪಂಪು ಹಾಕಿದೆ. ಯಾರೂ ಏನೂ ಕೇಳಲಿಲ್ಲ, ನಾನು ಸುಮ್ಮನೆ ಪರದೆ ಮುಟ್ಟಿದೆ ಅಷ್ಟೇ. ಪಂಪು ಕ್ಲಿಕ್ ಎಂದಿತು. ಹೌದು.

ಮಾಮಿ ಬಗ್ಗಿ ಪಂಪಿನ ಮೇಲೆ ಕೈಯಿಟ್ಟು ನೋಡಿದರು.

"ಹಾಗಾದ್ರೆ ಅದು ಇವರು ಹೇಳಿದ್ದಲ್ಲವಾ?"

"ಅವರದೂ ಸೇರಿರಬಹುದು ಮಾಮಿ. ನನಗೆ ಗೊತ್ತಿಲ್ಲ. ಇದ್ದರೂ ಅದನ್ನ ಬೇರೆ ಮಾಡಿ ತೋರಿಸೋಕೆ ನನ್ನಿಂದ ಆಗಲ್ಲ."

ಪಂಪು ಮತ್ತೆ ನಿಲ್ಲಿಸಿ, ಬೆರಳನ್ನು ಒರೆಸಿ, ಕೈಯ ಕೆಳಗೆ ಗಟ್ಟಿ ದಿಂಬಿಟ್ಟು ಇನ್ನೊಮ್ಮೆ ನೋಡಿದೆ. "ಮಾಮಾ, ಆದಷ್ಟು ಅಲುಗಿಸಿ," ಎಂದೆ. ಚಾರ್ಜರ್ ಇಲ್ಲ, ಪಂಪಿಲ್ಲ, ಫ್ಯಾನೂ ಇಲ್ಲ. ಗೆರೆ ಸಪಾಟಾಗಿ ಹರಿಯಿತು. ಒಂದೆಡೆ ಏನೋ ಏರಿದಂತೆ ಕಂಡಿತು. ಇನ್ನೊಮ್ಮೆ ಹೇಳಿದಾಗ ಅದು ಬರಲಿಲ್ಲ. ಅವರ ಪ್ರಯತ್ನವೋ ಬರೀ ಗೆರೆಯ ನಡುಕವೋ, ಹೇಳಲು ಸಾಧ್ಯವಿರಲಿಲ್ಲ. ಒಳಗೆ ಅವರು ಎಷ್ಟು ಬಲ ಹಾಕುತ್ತಿದ್ದರೋ ಎಂದು ಯೋಚಿಸಿ ನಾನು ಮೂರನೆಯ ಸಲ ಕೇಳಲಿಲ್ಲ.

"ಮಿತಿ ಮೇಲಕ್ಕೆ ಏರಿಸ್ತೀನಿ ಮಾಮಿ. ಆಗ ಪಂಪಿಗೆ ಹೌದು ಅನ್ನೋದಿಲ್ಲ."

"ಅಪ್ಪುರಂ ಇವರಿಗೆ?"

"ಇವರಿಗೂ ಅನ್ನೋದಿಲ್ಲ."

ಮಾಮಿ ನನ್ನ ಮೊಣಕೈ ಹಿಡಿದುಕೊಂಡರು. "ಇರಲಿ ಬಿಡಮ್ಮ. ಏನೋ ಒಂದು ಹೇಳ್ತಾ ಇರ್ಲಿ. ನಾನು ಬೆಳಿಗ್ಗೆ ಎದ್ದು ಗುಡ್ ಮಾರ್ನಿಂಗ್ ಹೇಳ್ದಾಗ ಅಲ್ಲಿ ಹೌದು ಅಂತ ಬರತ್ತೆ. ಅದರಿಂದ ಯಾರಿಗೆ ಏನು ತೊಂದರೆ?"

ಗುಡ್ ಮಾರ್ನಿಂಗ್‌ಗೆ ತೊಂದರೆಯಿಲ್ಲ. ಹಾಗೇ ಬಿಟ್ಟು ಹೋದರೆ ಅವರು ಇನ್ನು ನನ್ನನ್ನು ಏನೂ ಕೇಳುವವರಲ್ಲ, ಮ್ಯಾನೇಜರೂ ಕೇಳುವವರಲ್ಲ. ಆದರೆ ಡಾಕ್ಟರಿಗೂ ಹೋಗುವುದು ಅದೇ ಹೌದು. ಅರೆಮುಚ್ಚಿದ ರೆಪ್ಪೆಗಳ ಹಿಂದೆ ಮಾಮಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ತಮ್ಮ ಹೆಸರಿನಲ್ಲಿ ಪಂಪೊಂದು ಉತ್ತರ ಕೊಡುವುದನ್ನು ಅವರು ಎಷ್ಟು ದಿನಗಳಿಂದ ಕೇಳುತ್ತಿದ್ದರೋ. ತಡೆಯಲು ಅವರಿಗೆ ಇದ್ದ ದಾರಿಯೂ ಆ ಪ್ಯಾನೆಲ್ ಒಂದೇ.

"ಆಗಲ್ಲ ಮಾಮಿ. ಮಾಮಾ ಹೇಳದೇ ಇದ್ದದ್ದನ್ನ ಹೇಳಿದ್ರು ಅಂತ ಇದು ತೋರಿಸಬಾರದು," ಎಂದೆ. ಮಿತಿಯನ್ನು ಏರಿಸಿ, ಅಲುಗದಿದ್ದರೆ "ಬೇಡ" ಎಂದು ತೋರಿಸುವುದನ್ನೂ ತೆಗೆದು, ಚಿಪ್‌ಗೆ ಬರೆದು ಪರದೆ ಮುಟ್ಟಿದೆ. ಪಂಪು ಹಾಕಿದೆ. ಅದು ಕ್ಲಿಕ್ ಎಂದಿತು. ಪರದೆ ಸುಮ್ಮನಿತ್ತು.

ಮಾಮಿ ಅಳುತ್ತಾರೆಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಮಾಮಾನ ಪಕ್ಕ ಕೂತರು. ಆಮೇಲೆ ನನಗಲ್ಲ, ಅವರಿಗೆ ಹೇಳಿದರು:

"ಕೇಳ್ಸತ್ತಾ? ನಿಮಗೆ ಬೇಕೋ ಬೇಡವೋ ನನಗೆ ಗೊತ್ತಾಗ್ಲಿಲ್ಲ. ನನಗೆ ಬೇಕು. ಡಾಕ್ಟರ್ ಹತ್ರ ಹಾಗೇ ಹೇಳ್ತೀನಿ. ನೀವು ಹೇಳಿದ್ರಿ ಅಂತ ಹೇಳಲ್ಲ. ನಾನು ಬೇಕು ಅಂದೆ ಅಂತ ಹೇಳ್ತೀನಿ. ಕೋಪ ಬಂದ್ರೆ ನನ್ನ ಮೇಲೆ ಬರಲಿ."

ಯಂತ್ರ ಹಾಕಿಸಿದರು. ಮ್ಯಾನೇಜರ್ ಆಸ್ಪತ್ರೆಗೆ ಹೋಗಿಬಂದು, "ನಲ್ಲಾ ಇರುಕ್ಕಾರ್," ಎಂದಷ್ಟೇ ಹೇಳಿ ತಮ್ಮ ಕ್ಯಾಬಿನ್‌ಗೆ ಹೋದರು. ಚೆನ್ನಾಗಿದ್ದಾರೆ ಎಂದರೆ ಏನೆಂದು ನಾನು ಕೇಳಲಿಲ್ಲ. ಮಾಮಾ ಯಂತ್ರದೊಂದಿಗೆ ಮನೆಗೆ ಮರಳಿದ ಮೇಲೆ, ಬೇರೆ ಸ್ನಾಯುಗಳಿಂದ ಏನಾದರೂ ಸಿಗಬಹುದೇ ಎಂದು ಕೆನ್ನೆಗೆ, ಹುಬ್ಬಿಗೆ ಅಂಟಿಸುವ ಪಟ್ಟಿಗಳನ್ನು ಮಾಡಿಕೊಂಡು ಎರಡು ಸಲ ಹೋದೆ. ಯಂತ್ರದ ಉಸಿರಿನ ಏರಿಳಿತ ಬಿಟ್ಟರೆ ಅವುಗಳಲ್ಲಿ ಏನೂ ಕಾಣಲಿಲ್ಲ. ಎರಡನೆಯ ಸಲ ಮಾಮಿ ಪರದೆಯ ಕಡೆ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಕಂಡದ್ದು ಅವರಿಗೆ ಸಾಕಾಯಿತು. "ತೆಗೆದುಬಿಡಮ್ಮ, ಅಂಟು ಕೆರೆಯತ್ತೇನೋ ಅವರಿಗೆ," ಎಂದರು.

ಒಂದೊಂದಾಗಿ ಬಿಡಿಸಿದೆ, ಚರ್ಮ ಎಳೆಯದಂತೆ. ಬೋರ್ಡು, ಕೇಬಲ್ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡೆ. ಮಾಮಿ ಔಷಧಿ ಕಲಸಲು ಒಳಗೆ ಹೋಗಿದ್ದರು. ಮಂಚದ ಪಕ್ಕ ನಿಂತು, "ಮಾಮಾ, ನಾನು ಹೋಗಿ ಬರ್ತೀನಿ," ಎಂದೆ. ಯಾರಾದರೂ ಉತ್ತರ ಕೊಡುವಾಗ ಎಷ್ಟು ಹೊತ್ತು ಕಾಯುತ್ತೇವೋ ಅಷ್ಟು ಹೊತ್ತು ಕಾದೆ. ಆಮೇಲೆ ಚಪ್ಪಲಿ ಹಾಕಿಕೊಂಡು ಹೊರಟೆ.